ಬಿಸಿಲನಾಡಿನ ಚಿಗುರು, ಹೂವು: ಒಳ್ಳೆಯ ಫೋಟೋಗೆ 16 ಸೂತ್ರಗಳು

ಯಾದಗಿರಿ ಎಂದಕೂಡಲೇ ಹೊರಗಿನವರಿಗೆ ನೆನಪಾಗುವುದು ಬಿಸಿಲು, ಬಂಡೆ, ಭೀಮಾ ಮತ್ತು ಕೃಷ್ಣಾ ನದಿ. ಹೂವು ಯಾರ ನೆನಪಿಗೂ ಬರುವುದಿಲ್ಲ. ಹೂವಿನ ಫೋಟೋ ಬೇಕೆಂದರೆ ಬೆಂಗಳೂರಿನ ಲಾಲ್‌ಬಾಗಿಗೋ ಊಟಿಗೋ ಹೋಗಬೇಕು ಎಂದು ನಮ್ಮವರೇ ಹೇಳುತ್ತಾರೆ. ಆದರೆ ಶಿವರಾತ್ರಿಯಿಂದ ಕಾರಹುಣ್ಣಿಮೆಯವರೆಗೆ ಯಾದಗಿರಿ, ಶಹಾಪುರ, ಸುರಪುರದ ಬೀದಿಗಳಲ್ಲಿ ಕಣ್ಣೆತ್ತಿ ನಡೆದವರಿಗೆ ಬೇರೆಯದೇ ಚಿತ್ರ ಕಾಣುತ್ತದೆ. ಒಂದು ಗಿಡ ಎಲೆ ಉದುರಿಸುವಾಗ ಇನ್ನೊಂದು ಚಿಗುರುತ್ತದೆ, ಮತ್ತೊಂದು ಹೂ ಬಿಡುತ್ತದೆ. ನಮ್ಮ ವಸಂತ ಉದ್ಯಾನದ ಹೂವಿನ ಮಡಿಗಳಿಗಿಂತ ಹೆಚ್ಚಾಗಿ ಗಿಡಗಳ ನೆತ್ತಿಯ ಮೇಲಿದೆ. ಅದನ್ನು ಫೋಟೋದಲ್ಲಿ ಹಿಡಿಯಲು ದುಬಾರಿ ಕ್ಯಾಮೆರಾ ಬೇಕಿಲ್ಲ. ಗಿಡದ ಪರಿಚಯ, ಬೆಳಕಿನ ತಿಳಿವಳಿಕೆ, ಸ್ವಲ್ಪ ಸಹನೆ ಇದ್ದರೆ ಕೈಯಲ್ಲಿರುವ ಮೊಬೈಲೇ ಸಾಕು.

1. ಹಬ್ಬದ ಲೆಕ್ಕದಲ್ಲಿ ಹೂವಿನ ಪಂಚಾಂಗ ಬರೆದಿಡಿ

ಯಾವ ಗಿಡ ಯಾವಾಗ ಹೂ ಬಿಡುತ್ತದೆ ಎಂಬುದು ಗೊತ್ತಿದ್ದರೆ ಅರ್ಧ ಕೆಲಸ ಮುಗಿದಂತೆ. ಮಾವು ಎಲ್ಲಕ್ಕಿಂತ ಮುಂದೆ. ಸಂಕ್ರಾಂತಿ ಮುಗಿಯುತ್ತಿದ್ದಂತೆ ಹೂ ತುಂಬಿಕೊಳ್ಳುತ್ತದೆ. ಶಿವರಾತ್ರಿ ಹೊತ್ತಿಗೆ ಅರಳಿ ಮರ ಹಳೆಯ ಎಲೆ ಉದುರಿಸಿ ತಾಮ್ರದ ಬಣ್ಣದ ಚಿಗುರು ಬಿಡಲು ಶುರುಮಾಡುತ್ತದೆ. ಹೋಳಿ ಹುಣ್ಣಿಮೆಯ ಆಸುಪಾಸಿನಲ್ಲಿ ಮುತ್ತುಗದ ಕಾಲ. ಉಗಾದಿಗೆ ಬೇವಿನ ಹೂ, ಹೊಂಗೆಯ ಹೊಳೆಯುವ ಎಲೆ. ಬಸವ ಜಯಂತಿಯ ಸುಮಾರಿಗೆ ಕಕ್ಕೆಯ ಹಳದಿ ಗೊಂಚಲು ಇಳಿಬಿದ್ದಿರುತ್ತದೆ, ಗುಲ್‌ಮೊಹರ್ ಕೆಂಪಾಗಿರುತ್ತದೆ. ಕಾರಹುಣ್ಣಿಮೆ ಬರುವ ಹೊತ್ತಿಗೆ ಮುಂಗಾರು ಶುರುವಾಗಿ ಈ ಸರಣಿ ಮುಗಿಯುತ್ತದೆ.

ಲಾಲ್‌ಬಾಗ್‌ನ ಹೊಣೆ ಹೊತ್ತಿದ್ದ ಜಿ.ಎಚ್. ಕ್ರುಂಬಿಗೆಲ್ ಬೆಂಗಳೂರಿನ ರಸ್ತೆಗಳಲ್ಲಿ ಒಂದು ಜಾತಿಯ ಹೂ ಮುಗಿಯುವಾಗ ಇನ್ನೊಂದು ಅರಳುವಂತೆ ಮರ ನೆಡಿಸಿದರು. ನಮ್ಮಲ್ಲಿ ಅಂಥ ಯೋಜನೆ ಇಲ್ಲದೆಯೂ ನಿಸರ್ಗವೇ ಆ ಸರದಿ ಕಾಯುತ್ತದೆ. ಪ್ರತಿ ವರ್ಷ ಹತ್ತು ಹದಿನೈದು ದಿನ ಹಿಂದೆ ಮುಂದೆ ಆಗಬಹುದು. ಆದ್ದರಿಂದ ನಿಮ್ಮದೇ ಒಂದು ಪಟ್ಟಿ ಇಟ್ಟುಕೊಳ್ಳಿ.

2. ಜಾಗ ಗುರುತಿಸಲು ಮೊದಲೊಂದು ಸುತ್ತು ಹಾಕಿ

ಮೊದಲ ಸುತ್ತಿಗೆ ಕ್ಯಾಮೆರಾ ಬೇಡ. ಯಾದಗಿರಿಯಲ್ಲಾದರೆ ಲುಂಬಿನಿ ವನದಿಂದ ಶುರುಮಾಡಿ. ಕೆರೆ, ಗಿಡ ಮತ್ತು ಕೋಟೆಯ ಬೆಟ್ಟ ಒಂದೇ ಸುತ್ತಿನಲ್ಲಿ ಸಿಗುತ್ತವೆ. ಶಹಾಪುರದವರಿಗೆ ಮಲಗಿದ ಬುದ್ಧನಂತೆ ಕಾಣುವ ಬೆಟ್ಟದ ಸಾಲು ಇದೆ, ಹತ್ತಿರದಲ್ಲೇ ಕೃಷ್ಣಾ ಮೇಲ್ದಂಡೆ ಯೋಜನೆಗಾಗಿ ಬೆಳೆದ ಭೀಮರಾಯನಗುಡಿ ಇದೆ. ಸುರಪುರದಲ್ಲಿ ಗುಡ್ಡದ ಮೇಲಿನ ಟೇಲರ್ ಮಂಜಿಲ್‌ನಿಂದ ಇಡೀ ಊರಿನ ಹಸಿರು ಕೆಳಗೆ ಕಾಣುತ್ತದೆ. ಸ್ವಲ್ಪ ದೂರ ಹೋದರೆ ಬೋನಾಳ ಕೆರೆಯ ಪಕ್ಷಿಧಾಮ.

ಉದ್ಯಾನ ಎಂದರೆ ಗೇಟು, ಬೆಂಚು ಇರುವ ಜಾಗ ಮಾತ್ರ ಎಂದುಕೊಳ್ಳಬೇಡಿ. ಶಾಲೆಯ ಅಂಗಳ, ಸರ್ಕಾರಿ ಕಚೇರಿಯ ಆವರಣ, ಗುಡಿಯ ಕಟ್ಟೆ, ದರ್ಗಾದ ಹಿಂದಿನ ಬಯಲು, ಬಸ್ ನಿಲ್ದಾಣದ ಮೂಲೆಗಳಲ್ಲೂ ಊರಿನ ಹಳೆಯ ಗಿಡಗಳು ಸಿಗುತ್ತವೆ. ಯಾವ ಗಿಡಕ್ಕೆ ಮುಂಜಾನೆ ಬಿಸಿಲು ಬೀಳುತ್ತದೆ, ಯಾವುದಕ್ಕೆ ಸಂಜೆ, ಹಿಂದೆ ಏನಿದೆ ಎಂದು ಬರೆದುಕೊಳ್ಳಿ. ಎರಡನೆಯ ಸಲ ಹೋದಾಗ ಎಲ್ಲಿ ನಿಲ್ಲಬೇಕು ಎಂದು ಹುಡುಕುತ್ತ ಬೆಳಕು ಕಳೆದುಕೊಳ್ಳುವ ಪ್ರಮೇಯ ಬರುವುದಿಲ್ಲ.

3. ಒಂದು ಗಿಡವನ್ನು ನಿಮ್ಮದಾಗಿಸಿಕೊಳ್ಳಿ

ನೂರು ಗಿಡದ ನೂರು ಫೋಟೋಗಿಂತ ಒಂದೇ ಗಿಡದ ಹತ್ತು ಹಂತಗಳು ಹೆಚ್ಚು ಹೇಳುತ್ತವೆ. ಮನೆ ಅಥವಾ ಕೆಲಸದ ದಾರಿಯಲ್ಲಿರುವ ಒಂದು ಬೇವು, ಅರಳಿ ಅಥವಾ ಗುಲ್‌ಮೊಹರ್ ಆರಿಸಿಕೊಳ್ಳಿ. ವಾರಕ್ಕೊಮ್ಮೆ ಅದೇ ಜಾಗದಲ್ಲಿ ನಿಂತು, ಅದೇ ಎತ್ತರದಿಂದ, ಅದೇ ಚೌಕಟ್ಟಿನಲ್ಲಿ ಒಂದು ಫೋಟೋ ತೆಗೆಯಿರಿ. ನಿಲ್ಲುವ ಜಾಗ ಮರೆಯದಂತೆ ಒಂದು ಕಲ್ಲನ್ನೋ ಕಂಬವನ್ನೋ ಗುರುತು ಮಾಡಿಕೊಳ್ಳಿ.

ಬರಿಗೊಂಬೆ, ಮೊದಲ ಚಿಗುರು, ಮೊಗ್ಗು, ತುಂಬಿದ ಹೂವು, ಉದುರಿದ ಎಸಳು, ಕಾಯಿ ಎಲ್ಲವೂ ಒಂದು ಸಾಲಿನಲ್ಲಿ ಬಂದಾಗ ಅದು ಆ ಗಿಡದ ಕಥೆಯಾಗುತ್ತದೆ. ಗಿಡದ ಪರಿಚಯ ಗಟ್ಟಿಯಾದಂತೆ ನಾಳೆ ಯಾವ ಮೊಗ್ಗು ಒಡೆಯುತ್ತದೆ ಎಂಬ ಅಂದಾಜೂ ಸಿಗುತ್ತದೆ. ಒಳ್ಳೆಯ ಫೋಟೋ ಅದೃಷ್ಟದಿಂದ ಬಂತು ಎನ್ನುವವರಿಗೆ ಈ ಅಂದಾಜಿನ ಬೆಲೆ ಗೊತ್ತಿರುವುದಿಲ್ಲ.

4. ಮುಂಜಾನೆಯ ಮೊದಲ ಒಂದೂವರೆ ಗಂಟೆ ನಿಮ್ಮದು

ಉಗಾದಿಯ ಸುಮಾರಿಗೆ ನಮ್ಮಲ್ಲಿ ಸೂರ್ಯ ಹುಟ್ಟುವುದು ಆರೂವರೆ ಹತ್ತಿರ. ಮೇ ನಡುವಿಗೆ ಆರಕ್ಕೂ ಮುಂಚೆ. ಹುಟ್ಟಿದ ಮೇಲೆ ಗಂಟೆಗೆ ಸುಮಾರು 14 ಡಿಗ್ರಿ ಮೇಲೇರುತ್ತಾನೆ. ಅಂದರೆ ಓರೆ ಬಿಸಿಲು, ಬಂಗಾರದ ಬಣ್ಣ, ಉದ್ದ ನೆರಳು ಎಲ್ಲವೂ ಒಂದೂವರೆ ಗಂಟೆಯೊಳಗೆ ಮುಗಿಯುತ್ತವೆ. ಸೂರ್ಯ ಹುಟ್ಟುವುದಕ್ಕೆ ಕಾಲು ಗಂಟೆ ಮೊದಲೇ ಗಿಡದ ಕೆಳಗೆ ಇರಿ.

ಮಧ್ಯಾಹ್ನವನ್ನು ಪೂರ್ತಿ ಬಿಡಿ. ಯಾದಗಿರಿಯ ಅಕ್ಷಾಂಶ ಸುಮಾರು 16.8 ಡಿಗ್ರಿ ಉತ್ತರ. ಹಾಗಾಗಿ ಮೇ 6 ಅಥವಾ 7ರ ಸುಮಾರಿಗೆ, ಹನ್ನೆರಡೂ ಕಾಲು ದಾಟಿದಾಗ, ಸೂರ್ಯ ನೇರ ನೆತ್ತಿಯ ಮೇಲಿರುತ್ತಾನೆ. ಅವತ್ತು ನೆಟ್ಟಗೆ ನಿಂತ ಕಂಬಕ್ಕೂ ನೆರಳಿರುವುದಿಲ್ಲ. ಅಂಥ ಬೆಳಕಿನಲ್ಲಿ ಹೂವಿನ ಮೇಲ್ಭಾಗ ಬೆಳ್ಳಗೆ ಸುಟ್ಟು, ಕೆಳಭಾಗ ಕಪ್ಪಾಗಿ, ಆಕಾರವೇ ಚಪ್ಪಟೆಯಾಗುತ್ತದೆ. ಬೆಳಿಗ್ಗೆ ಸಾಧ್ಯವಾಗದವರು ಸಂಜೆ ಐದರ ನಂತರ ಹೋಗಿ. ಆದರೆ ಸಂಜೆ ಗಾಳಿ ಹೆಚ್ಚು, ಧೂಳು ಹೆಚ್ಚು ಎಂಬುದು ನೆನಪಿರಲಿ.

5. ಚಿಗುರಿನ ಹಿಂದಿನಿಂದ ಬೆಳಕು ಬರಲಿ

ಸೂರ್ಯನಿಗೆ ಬೆನ್ನು ಹಾಕಿ ಫೋಟೋ ತೆಗೆಯಬೇಕು ಎಂದು ಎಲ್ಲರೂ ಹೇಳಿಕೊಡುತ್ತಾರೆ. ಚಿಗುರಿನ ವಿಷಯದಲ್ಲಿ ಇದನ್ನು ತಿರುಗಿಸಿ. ಅರಳಿಯ ಎಳೆ ಎಲೆಯನ್ನು ಹತ್ತಿರದಿಂದ ನೋಡಿ: ಕೆಂಪು ಬೆರೆತ ತಾಮ್ರದ ಬಣ್ಣ, ತೆಳ್ಳಗೆ, ಮೆತ್ತಗೆ, ತುದಿಯಲ್ಲಿ ಉದ್ದನೆಯ ಬಾಲ. ಬೆಳಕು ಮುಂದಿನಿಂದ ಬಿದ್ದರೆ ಅದು ಮಂಕಾದ ಕಂದು ಎಲೆ. ಅದೇ ಎಲೆಯ ಹಿಂದೆ ಎಳೆಬಿಸಿಲು ಬಂದರೆ ನಡುವಿನ ನರದಿಂದ ಹೊರಟ ಪ್ರತಿಯೊಂದು ಸಣ್ಣ ನರವೂ ಗೆರೆ ಬರೆದಷ್ಟು ಸ್ಪಷ್ಟ, ಎಲೆಯೇ ಬೆಳಗುತ್ತದೆ.

ಈ ಕೆಂಪಿಗೆ ಕಾರಣ ಆಂಥೋಸಯನಿನ್ ಎಂಬ ವರ್ಣದ್ರವ್ಯ. ಎಳೆ ಎಲೆಯಲ್ಲಿ ಹಸಿರು ಇನ್ನೂ ತುಂಬಿರುವುದಿಲ್ಲ. ಅಲ್ಲಿಯತನಕ ಈ ಕೆಂಪು ಕಡುಬಿಸಿಲಿನಿಂದ ಎಲೆಗೆ ರಕ್ಷಣೆ ಕೊಡುತ್ತದೆ. ಹಸಿರು ತುಂಬುತ್ತಿದ್ದಂತೆ ಕೆಂಪು ಮರೆಯಾಗುತ್ತದೆ. ಆದ್ದರಿಂದ ತಾಮ್ರದ ಬಣ್ಣ ಸಿಗುವುದು ಕೆಲವೇ ದಿನ. ಮಾವು, ಬೇವಿನ ಚಿಗುರಿಗೂ ಇದೇ ಮಾತು. ಹೊಂಗೆಯ ಎಲೆ ಬೇರೆ ಥರ. ಎಣ್ಣೆ ಸವರಿದಷ್ಟು ನುಣುಪು. ಅದನ್ನು ಹಿಂಬೆಳಕಿನಲ್ಲಿ ಹಿಡಿದರೆ ತಿಳಿಹಸಿರು ಉಕ್ಕುತ್ತದೆ, ಮುಂಬೆಳಕಿನಲ್ಲಿ ಬರೀ ಬಿಳಿ ಹೊಳಪು ಉಳಿಯುತ್ತದೆ.

ಒಂದು ಎಚ್ಚರ: ಸೂರ್ಯ ನೇರ ಲೆನ್ಸಿಗೆ ಬೀಳದಂತೆ ಒಂದು ಕೊಂಬೆಯ ಮರೆಗೆ ನಿಲ್ಲಿ, ಅಥವಾ ಬಿಡುವಾದ ಕೈಯಿಂದ ಲೆನ್ಸಿಗೆ ನೆರಳು ಮಾಡಿ. ಕ್ಯಾಮೆರಾದ ಕಿಂಡಿಯಿಂದ ಸೂರ್ಯನನ್ನು ನೇರ ನೋಡಲೇಬೇಡಿ.

6. ಬಿಳಿ ಹೂವಿಗೆ ನೆರಳು ಕೊಡಿ

ಉಗಾದಿಗೆ ಬೇವು ಬೆಲ್ಲ ತಿನ್ನುವ ನಾವು ಬೇವಿನ ಹೂವನ್ನು ಕಣ್ಣಿಟ್ಟು ನೋಡುವುದು ಕಡಿಮೆ. ಒಂದು ಹೂವು ಕಿರುಬೆರಳಿನ ಉಗುರಿನಷ್ಟು. ಐದು ಬಿಳಿ ಎಸಳು ಹಿಂದಕ್ಕೆ ಬಾಗಿರುತ್ತವೆ, ನಡುವೆ ಕೇಸರಗಳು ಕೂಡಿ ಆದ ಸಣ್ಣ ಕೊಳವೆ ನೆಟ್ಟಗೆ ನಿಂತಿರುತ್ತದೆ. ಹೀಗೆ ನೂರಾರು ಹೂಗಳು ಒಂದು ಗೊಂಚಲಿನಲ್ಲಿ.

ಇಂಥ ಬಿಳಿ ಹೂವನ್ನು ಬಿಸಿಲಿನಲ್ಲಿ ತೆಗೆದರೆ ಎಸಳಿನ ಗೆರೆಗಳೆಲ್ಲ ಅಳಿಸಿ ಬರೀ ಬಿಳಿ ಚುಕ್ಕೆ ಉಳಿಯುತ್ತದೆ. ಗಿಡದ ನೆರಳಿನ ಬದಿಯಲ್ಲಿರುವ ಗೊಂಚಲು ಹುಡುಕಿ. ನೆರಳು ಸಿಗದಿದ್ದರೆ ಜೊತೆಗಾರರು ಒಂದು ಛತ್ರಿಯನ್ನೋ ಬಿಳಿ ಟವೆಲನ್ನೋ ಬಿಸಿಲಿಗೆ ಅಡ್ಡ ಹಿಡಿಯಲಿ. ತೆಳು ಬಟ್ಟೆಯಿಂದ ಸೋಸಿ ಬಂದ ಬೆಳಕಿನಲ್ಲಿ ಎಸಳಿನ ಬಾಗು, ಕೊಳವೆಯ ಅಂಚು ಎಲ್ಲ ಕಾಣುತ್ತದೆ. ಹಿಂದೆ ಕಡುಹಸಿರು ಎಲೆ ಇದ್ದರೆ ಹೂವು ಎದ್ದು ನಿಲ್ಲುತ್ತದೆ. ಮೊಬೈಲಿನಲ್ಲಿ ಮ್ಯಾಕ್ರೊ ಇದ್ದರೆ ಬಳಸಿ. ಇಲ್ಲದಿದ್ದರೆ ತೀರ ಹತ್ತಿರ ಹೋಗಬೇಡಿ. ಒಂದು ಗೇಣು ದೂರದಿಂದ ತೆಗೆದು ಆಮೇಲೆ ಕತ್ತರಿಸಿಕೊಳ್ಳಿ.

7. ಕೆಂಪು, ಹಳದಿ ಬಣ್ಣ ಸುಡದಂತೆ ನೋಡಿಕೊಳ್ಳಿ

ಮುತ್ತುಗ, ಗುಲ್‌ಮೊಹರ್, ಕಕ್ಕೆ ಮೂರರಲ್ಲೂ ಹೊಸಬರು ಎಡವುವುದು ಇಲ್ಲಿ. ಕ್ಯಾಮೆರಾ ಕೆಂಪು, ಹಸಿರು, ನೀಲಿ ಬಣ್ಣಗಳನ್ನು ಬೇರೆ ಬೇರೆಯಾಗಿ ಅಳೆಯುತ್ತದೆ. ಕಡುಕೆಂಪು ಎಸಳಿನಲ್ಲಿ ಕೆಂಪು ಒಂದೇ ತುಂಬಿ ತುಳುಕುತ್ತದೆ, ಉಳಿದೆರಡು ಬಣ್ಣ ಕಡಿಮೆ. ಆಗ ಒಟ್ಟು ಬೆಳಕು ಸರಿಯಾಗಿದೆ ಎಂದು ಕ್ಯಾಮೆರಾ ತಿಳಿದರೂ ಕೆಂಪಿನ ವಿವರ ಹೋಗಿರುತ್ತದೆ. ಎಸಳಿನ ಮಡಿಕೆ, ನರ ಎಲ್ಲ ಕಲಸಿ ಒಂದೇ ಕೆಂಪು ಮುದ್ದೆಯಾಗುತ್ತದೆ.

ಪರಿಹಾರ ಸುಲಭ. ಮೊಬೈಲಿನಲ್ಲಿ ಹೂವಿನ ಮೇಲೆ ಬೆರಳು ಒತ್ತಿ ಹಿಡಿದರೆ ಫೋಕಸ್ ಮತ್ತು ಬೆಳಕು ಲಾಕ್ ಆಗುತ್ತವೆ. ಪಕ್ಕದಲ್ಲಿ ಬರುವ ಸೂರ್ಯನ ಗುರುತನ್ನು ಸ್ವಲ್ಪ ಕೆಳಗೆ ಎಳೆಯಿರಿ. ಕ್ಯಾಮೆರಾ ಇದ್ದವರು ಎಕ್ಸ್‌ಪೋಷರ್ ಕಾಂಪನ್ಸೇಷನ್ ಅನ್ನು ಮೈನಸ್ 0.7 ಅಥವಾ ಮೈನಸ್ 1ಕ್ಕೆ ಇಳಿಸಿ. ಕತ್ತಲಾದ ಫೋಟೋವನ್ನು ಆಮೇಲೆ ಬೆಳಗಿಸಬಹುದು. ಸುಟ್ಟುಹೋದ ಎಸಳನ್ನು ಯಾವ ಆ್ಯಪ್‌ ಕೂಡ ಮರಳಿ ತರುವುದಿಲ್ಲ.

8. ಬೆಳ್ಳಗಿನ ಆಕಾಶ ಬಿಡಿ, ಬಂಡೆಯನ್ನು ಹಿನ್ನೆಲೆಗೆ ತನ್ನಿ

ಬೇಸಿಗೆಯಲ್ಲಿ ನಮ್ಮ ಆಕಾಶ ನೀಲಿ ಇರುವುದು ಕಡಿಮೆ. ಧೂಳು, ಝಳ ಸೇರಿ ಬೂದಿ ಬಿಳಿಯಾಗಿರುತ್ತದೆ. ಎತ್ತರದ ಕೊಂಬೆಯನ್ನು ಕೆಳಗಿನಿಂದ ತೆಗೆದರೆ ಹಿಂದೆ ಬರುವುದು ಇದೇ ಆಕಾಶ. ಹೂವು ಕಪ್ಪು ನೆರಳಾಗುತ್ತದೆ.

ಆದರೆ ಈ ಜಿಲ್ಲೆಗೆ ತನ್ನದೇ ಒಂದು ಸೊತ್ತಿದೆ: ಬಂಡೆ. ಯಾದಗಿರಿಯ ಕೋಟೆ ಬೆಟ್ಟ, ಶಹಾಪುರದ ಗುಡ್ಡಸಾಲು, ಸುರಪುರದ ಊರ ಸುತ್ತಲಿನ ಗುಂಡುಗಳೆಲ್ಲ ಬೂದು, ಕಂದು, ನಸುಗೆಂಪು. ಈ ಮಂದ ಬಣ್ಣದ ಮುಂದೆ ಗುಲ್‌ಮೊಹರ್‌ನ ಕೆಂಪು, ಕಕ್ಕೆಯ ಹಳದಿ ಎರಡೂ ಎದ್ದು ಕಾಣುತ್ತವೆ. ಗಿಡದಿಂದ ಹಿಂದೆ ಸರಿದು, ದೂರದಿಂದ ಜೂಮ್ ಲೆನ್ಸಿನಲ್ಲಿ ತೆಗೆದರೆ ಹಿಂದಿನ ಬೆಟ್ಟ ಹತ್ತಿರಕ್ಕೆ ಬಂದು ದೊಡ್ಡದಾಗಿ ಕೂರುತ್ತದೆ. ಮೊಬೈಲಿನಲ್ಲಿ ಎರಡನೆಯ ಟೆಲಿ ಲೆನ್ಸ್ ಇದ್ದರೆ ಅದನ್ನು ಬಳಸಿ. ಬೆರಳಿನಿಂದ ಹಿಗ್ಗಿಸುವ ಡಿಜಿಟಲ್ ಜೂಮ್ ಬೇಡ. ಬೆಟ್ಟದ ಹಿನ್ನೆಲೆಯಲ್ಲಿ ಬಂದ ಚಿತ್ರ ನೋಡಿದವರಿಗೆ ಇದು ಯಾವ ಊರಿನ ಹೂವು ಎಂದು ಹೇಳಬೇಕಾಗುವುದಿಲ್ಲ.

9. ಗಾಳಿ ನಿಲ್ಲುವ ಗಳಿಗೆಗೆ ಕಾಯಿರಿ

ಕಕ್ಕೆಯ ಗೊಂಚಲು ಉದ್ದಕ್ಕೆ ಜೋತುಬಿದ್ದಿರುತ್ತದೆ. ಸಣ್ಣ ಗಾಳಿಗೂ ತೂಗಾಡುತ್ತದೆ. ಅರಳಿಯ ಎಲೆಯಂತೂ ಗಾಳಿ ಇಲ್ಲವೆನಿಸಿದಾಗಲೂ ಅಲುಗುತ್ತದೆ. ಗಾಳಿ ಒಂದೇ ಸಮನೆ ಬೀಸುವುದಿಲ್ಲ, ಬಿಟ್ಟು ಬಿಟ್ಟು ಬರುತ್ತದೆ. ಕೊಂಬೆ ಒಂದು ಕಡೆ ಪೂರ್ತಿ ವಾಲಿ ಹಿಂದಿರುಗುವ ಮೊದಲು ಅರೆಗಳಿಗೆ ನಿಲ್ಲುತ್ತದೆ. ಆ ಹೊತ್ತಿಗೆ ಬಟನ್ ಒತ್ತಿ. ಒಂದೇ ಫೋಟೋ ನಂಬದೆ ಬರ್ಸ್ಟ್‌ನಲ್ಲಿ ಐದಾರು ತೆಗೆದು ಚೂಪಾಗಿ ಬಂದದ್ದನ್ನು ಇಟ್ಟುಕೊಳ್ಳಿ.

ಕ್ಯಾಮೆರಾದಲ್ಲಿ ಶಟರ್ ವೇಗ ಸೆಕೆಂಡಿನ 1/500ಕ್ಕಿಂತ ಕಡಿಮೆ ಬೇಡ. ಅದಕ್ಕಾಗಿ ಐಎಸ್‌ಒ 400 ಅಥವಾ 800ಕ್ಕೆ ಏರಿದರೂ ಪರವಾಗಿಲ್ಲ. ಸ್ವಲ್ಪ ಕಾಳುಕಾಳಾದ ಚಿತ್ರ ಅಲುಗಿದ ಚಿತ್ರಕ್ಕಿಂತ ಮೇಲು. ಅಪರ್ಚರ್ ಎಫ್/5.6 ಅಥವಾ ಎಫ್/8 ಇಟ್ಟರೆ ಗೊಂಚಲಿನ ಮುಂದಿನ ಹೂವೂ ಹಿಂದಿನ ಹೂವೂ ಸ್ಪಷ್ಟ.

10. ಒಂದು ಹೂವಿನ ಒಳಗೆ ಇಣುಕಿ

ಗುಲ್‌ಮೊಹರ್ ಮರವನ್ನು ಎಲ್ಲರೂ ನೋಡಿದ್ದಾರೆ, ಹೂವನ್ನು ನೋಡಿದವರು ಕಡಿಮೆ. ಉದುರಿದ ಒಂದು ಹೂವನ್ನು ಅಂಗೈ ಮೇಲಿಟ್ಟು ನೋಡಿ. ಐದು ಎಸಳಿವೆ. ನಾಲ್ಕು ಒಂದೇ ಕೆಂಪು. ಐದನೆಯದು ಬೇರೆ: ಸ್ವಲ್ಪ ದೊಡ್ಡದು, ಬಿಳಿ ಮತ್ತು ಹಳದಿಯ ಮೇಲೆ ಕೆಂಪು ಗೆರೆ, ಚುಕ್ಕೆ. ಮಡಗಾಸ್ಕರ್ ದ್ವೀಪದಿಂದ ಬಂದ ಈ ಗಿಡ ನಮ್ಮ ಊರುಗಳಲ್ಲಿ ಎಷ್ಟು ಬೆರೆತಿದೆಯೆಂದರೆ ಇದು ಹೊರಗಿನದು ಎಂದರೆ ಯಾರೂ ನಂಬುವುದಿಲ್ಲ. ನಿಮ್ಮ ಫೋಟೋದಲ್ಲಿ ಆ ಐದನೆಯ ಎಸಳು ಕಾಣಲಿ. ಇಡೀ ಚಿತ್ರಕ್ಕೆ ಅದೇ ಕೇಂದ್ರ.

ಮುತ್ತುಗದಲ್ಲಿ ಗಿಳಿಯ ಕೊಕ್ಕಿನ ಹಾಗೆ ಬಾಗಿದ ಎಸಳನ್ನು ಬದಿಯಿಂದ ತೆಗೆಯಿರಿ. ಮುಂದಿನಿಂದ ತೆಗೆದರೆ ಆ ಬಾಗು ಕಳೆದುಹೋಗುತ್ತದೆ. ಮೊಗ್ಗಿನ ಬುಡದ ಕಪ್ಪು ಮಖಮಲ್ಲು ತೊಟ್ಟೂ ಚೌಕಟ್ಟಿನಲ್ಲಿರಲಿ. ಕಕ್ಕೆಯಲ್ಲಿ ಉದ್ದವಾಗಿ ಬಾಗಿ ಮೇಲಕ್ಕೆದ್ದ ಮೂರು ಕೇಸರಗಳನ್ನು ಹುಡುಕಿ. ಸುರಪುರಕ್ಕೆ ಚಿಕಣಿ ವರ್ಣಚಿತ್ರಗಳ ಸ್ವಂತ ಪರಂಪರೆ ಇದೆ. ಗರುಡಾದ್ರಿ ಮನೆತನದ ಕಲಾವಿದರ ಹೆಸರು ಅದಕ್ಕೆ ಅಂಟಿಕೊಂಡಿದೆ. ಸಣ್ಣ ಹಾಳೆಯಲ್ಲಿ ಸೂಕ್ಷ್ಮ ಗೆರೆ ಹಿಡಿಯುವ ಆ ಶ್ರದ್ಧೆ ಹೂವಿನ ಫೋಟೋಗೂ ಬೇಕು.

11. ತಲೆ ಬಗ್ಗಿಸಿ ನೆಲವನ್ನೂ ನೋಡಿ

ಎತ್ತರದ ಗಿಡದ ಹೂವು ಕೈಗೆ ಸಿಗದಿದ್ದರೆ ನೆಲ ಇದೆ. ಹಳದಿ ಹೂವಿನ ಪೆಲ್ಟೋಫೋರಂ ಗಿಡದ ಕೆಳಗೆ ರಸ್ತೆಯೇ ಹಳದಿಯಾಗಿರುತ್ತದೆ. ಹೊಂಗೆಯ ಕೆಳಗೆ ತಿಳಿನೇರಳೆ ಬೆರೆತ ಬಿಳಿ ಹೂವಿನ ಹಾಸು. ಪೌರಕಾರ್ಮಿಕರು ಗುಡಿಸಲು ಬರುವುದು ಬೆಳಿಗ್ಗೆಯೇ. ಅವರಿಗಿಂತ ಮುಂಚೆ ಅಲ್ಲಿರಿ.

ಕ್ಯಾಮೆರಾವನ್ನು ನೆಲದಿಂದ ಒಂದು ಗೇಣು ಎತ್ತರಕ್ಕೆ ಇಳಿಸಿ. ನಿಂತು ತೆಗೆದರೆ ಹಾಸು ತೆಳ್ಳಗೆ ಕಾಣುತ್ತದೆ, ಇಳಿದು ತೆಗೆದರೆ ದಟ್ಟವಾಗಿ ಕಾಣುತ್ತದೆ. ಮೊಬೈಲನ್ನು ತಲೆಕೆಳಗು ಮಾಡಿ ಹಿಡಿದರೆ ಲೆನ್ಸು ನೆಲಕ್ಕೆ ಇನ್ನೂ ಹತ್ತಿರವಾಗುತ್ತದೆ. ಆ ಹಾಸಿನಲ್ಲಿ ನಿಂತ ಸೈಕಲ್, ಕಲ್ಲುಬೆಂಚು, ಕಟ್ಟೆಯ ಅಂಚು ಯಾವುದಾದರೂ ಒಂದು ಇರಲಿ, ಕಣ್ಣಿಗೆ ನಿಲ್ಲಲು ಜಾಗ ಸಿಗುತ್ತದೆ.

12. ಬಟನ್ ಒತ್ತುವ ಮೊದಲು ನಾಲ್ಕು ಮೂಲೆ ನೋಡಿ

ಊರಿನ ಉದ್ಯಾನದಲ್ಲಿ ಹೂವಿನ ಜೊತೆಗೆ ವಿದ್ಯುತ್ ತಂತಿ, ಬ್ಯಾನರ್, ಪ್ಲಾಸ್ಟಿಕ್ ಚೀಲ, ಬಣ್ಣದ ಗ್ರಿಲ್ ಎಲ್ಲ ಇರುತ್ತವೆ. ಕಣ್ಣು ಹೂವಿನ ಮೇಲಿದ್ದಾಗ ಇವು ಕಾಣುವುದಿಲ್ಲ, ಮನೆಗೆ ಬಂದು ನೋಡಿದಾಗ ಮೊದಲು ಕಾಣುವುದೇ ಇವು. ಚೌಕಟ್ಟಿನ ನಾಲ್ಕು ಮೂಲೆಗೂ ಒಮ್ಮೆ ಕಣ್ಣು ಹಾಯಿಸಿ. ಎರಡು ಹೆಜ್ಜೆ ಬಲಕ್ಕೆ, ಅರ್ಧ ಅಡಿ ಕೆಳಕ್ಕೆ ಸರಿದರೆ ಬಹಳಷ್ಟು ತೊಡಕು ಮರೆಯಾಗುತ್ತದೆ. ಕೆಳಗೆ ಬಿದ್ದ ಚೀಲವನ್ನು ಎತ್ತಿ ಕಸದ ಡಬ್ಬಿಗೆ ಹಾಕಿ. ಫೋಟೋ ಚೆಂದವಾಗುತ್ತದೆ, ಉದ್ಯಾನವೂ.

13. ಅಶ್ವಿನಿ, ಭರಣಿ ಮಳೆಯ ಮರುದಿನ ತಪ್ಪಿಸಬೇಡಿ

ಅಶ್ವಿನಿ ಮಳೆ ಕೂಡುವುದು ಏಪ್ರಿಲ್ 14ರ ಸುಮಾರಿಗೆ, ಭರಣಿ ಅದರ ಎರಡು ವಾರಕ್ಕೆ. ಗುಡುಗು ಸಿಡಿಲಿನ ಜೊತೆ ಬರುವ ಈ ಮಳೆ ಒಂದರ್ಧ ಗಂಟೆ ಸುರಿದರೂ ಸಾಕು, ತಿಂಗಳುಗಟ್ಟಲೆ ಎಲೆ ಮೇಲೆ ಕೂತ ಧೂಳು ತೊಳೆದುಹೋಗುತ್ತದೆ. ಮರುದಿನ ಮುಂಜಾನೆ ಆಕಾಶ ನೀಲಿ, ಬಂಡೆ ಕಡುಗಪ್ಪು, ಎಲೆ ಹಸಿ ಹಸಿರು. ಇಡೀ ಬೇಸಿಗೆಯಲ್ಲಿ ಇಂಥ ಬೆಳಗು ಕೈಬೆರಳಲ್ಲಿ ಎಣಿಸುವಷ್ಟು ಮಾತ್ರ. ಅವತ್ತು ಬೇರೆ ಕೆಲಸ ಇದ್ದರೆ ಮುಂದೂಡಿ.

ಮಳೆ ಬೀಳುವಾಗ ಮಾತ್ರ ಮರದ ಕೆಳಗೆ ನಿಲ್ಲಬೇಡಿ. ಸಿಡಿಲಿಗೆ ಎತ್ತರದ ಗಿಡ, ಬಯಲು, ಬೆಟ್ಟದ ನೆತ್ತಿ ಮೂರೂ ಅಪಾಯ. ಗಟ್ಟಿ ಕಟ್ಟಡದೊಳಗೆ ಹೋಗಿ. ಮಳೆ ನಿಂತು ಗುಡುಗು ಪೂರ್ತಿ ದೂರವಾದ ಮೇಲೆ ಹೊರಗೆ ಬನ್ನಿ.

14. ಹಕ್ಕಿಗೆ ಹೂವಿನ ಬಳಿಯೇ ಕಾಯಿರಿ. ಜನರನ್ನು ಕೇಳಿ ತೆಗೆಯಿರಿ

ಮುತ್ತುಗ, ಬೂರುಗ ಹೂ ಬಿಟ್ಟಾಗ ಮಕರಂದಕ್ಕೆ ಸೂರಕ್ಕಿ, ಗೊರವಂಕ, ಗಿಳಿ ಬರುತ್ತವೆ. ಹಕ್ಕಿಯ ಹಿಂದೆ ಓಡಬೇಡಿ. ಚೆನ್ನಾಗಿ ಬೆಳಕು ಬಿದ್ದ ಒಂದು ಗೊಂಚಲಿಗೆ ಫೋಕಸ್ ಇಟ್ಟು ಅಲುಗಾಡದೆ ಕೂಡಿ, ಹಕ್ಕಿ ತಾನಾಗಿ ಬರುತ್ತದೆ. ಗೂಡು ಕಂಡರೆ ದೂರ ಸರಿಯಿರಿ. ನೀವು ಹತ್ತಿರ ನಿಂತಷ್ಟು ಹೊತ್ತು ತಾಯಿ ಹಕ್ಕಿ ಗೂಡಿಗೆ ಬರುವುದಿಲ್ಲ.

ಊರಿನ ಗಿಡದ ಕೆಳಗೆ ಜನ ಇರುತ್ತಾರೆ. ಕಟ್ಟೆ ಮೇಲೆ ಕೂತ ಹಿರಿಯರು, ಹೂ ಮಾರುವ ಅವ್ವ, ಬೆಳಗಿನ ವಾಕಿಂಗಿಗೆ ಬಂದವರು ಚೌಕಟ್ಟಿನಲ್ಲಿದ್ದರೆ ಚಿತ್ರಕ್ಕೆ ಜೀವ ಬರುತ್ತದೆ. ಆದರೆ ಮೊದಲು ಕೇಳಿ. "ಯಜಮಾನ್ರ, ಗಿಡದ ಜೋಡಿ ನಿಮ್ದೂ ಒಂದು ಫೋಟೋ ತಗೀಲ್ರಿ?" ಎಂದರೆ ಬಹಳಷ್ಟು ಮಂದಿ ಒಪ್ಪುತ್ತಾರೆ. ಬೇಡ ಎಂದರೆ ನಮಸ್ಕಾರ ಹೇಳಿ ಬಿಡಿ. ಮಕ್ಕಳ ಫೋಟೋಗೆ ಮನೆಯವರ ಒಪ್ಪಿಗೆ ಬೇಕೇ ಬೇಕು. ಅಣೆಕಟ್ಟಿನ ಆವರಣದಲ್ಲಿ, ಸರ್ಕಾರಿ ಕಟ್ಟಡದಲ್ಲಿ ತೆಗೆಯುವ ಮುನ್ನ ಕಾವಲಿನವರನ್ನು ವಿಚಾರಿಸಿ.

15. ನಿಮ್ಮನ್ನೂ ಗಿಡವನ್ನೂ ಕಾಪಾಡಿಕೊಳ್ಳಿ

ಏಪ್ರಿಲ್, ಮೇ ತಿಂಗಳಲ್ಲಿ ನಮ್ಮಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವುದು ಸಾಮಾನ್ಯ. ಒಂಬತ್ತರೊಳಗೆ ಮನೆ ಸೇರಿ. ನೀರಿನ ಬಾಟಲಿ, ತಲೆಗೆ ರುಮಾಲು ಇರಲಿ. ಮೊಬೈಲನ್ನು ಬಿಸಿಲಿಗೆ ಬಿಚ್ಚಿಟ್ಟರೆ ಬಿಸಿಯಾಗಿ ಕ್ಯಾಮೆರಾ ತಾನಾಗಿ ಬಂದ್ ಆಗುತ್ತದೆ. ಬಳಸದಾಗ ಬಟ್ಟೆಯಲ್ಲಿ ಸುತ್ತಿಡಿ. ಲೆನ್ಸನ್ನು ಹತ್ತಿಯ ಮೆತ್ತನೆ ಬಟ್ಟೆಯಿಂದ ಪ್ರತಿ ಸಲ ಒರೆಸಿ. ಬಂಡೆಯ ಸಂದಿ, ಒಣ ಎಲೆಯ ರಾಶಿಗೆ ಕೈ ಹಾಕಬೇಡಿ, ಹಾವು ಚೇಳಿಗೆ ಅದೇ ತಂಪು ಜಾಗ.

ಗಿಡದ ವಿಷಯದಲ್ಲಿ ನಿಯಮ ಒಂದೇ: ಫೋಟೋಗಾಗಿ ಏನನ್ನೂ ಮುರಿಯಬಾರದು. ಕೊಂಬೆ ಬಗ್ಗಿಸಿ ಕಟ್ಟುವುದು, ಎಸಳು ಉದುರಲೆಂದು ಗಿಡ ಅಲುಗಿಸುವುದು, ಅಡ್ಡ ಬಂದ ಚಿಗುರು ಚಿವುಟುವುದು, ಮಡಿಯೊಳಗೆ ಕಾಲಿಡುವುದು ಯಾವುದೂ ಬೇಡ. ಒಂದು ಮುರಿದ ಗೊಂಚಲೆಂದರೆ ಅಷ್ಟು ಕಾಯಿ, ಅಷ್ಟು ಬೀಜ ಕಡಿಮೆ.

16. ಬಣ್ಣ ಮಿತವಾಗಿರಲಿ, ಹೆಸರು, ಊರು, ತಾರೀಖು ತಪ್ಪದೆ ಬರೆಯಿರಿ

ಎಡಿಟ್ ಮಾಡುವಾಗ ಮೂರು ಕೆಲಸ ಸಾಕು: ಓರೆಯಾದದ್ದನ್ನು ನೆಟ್ಟಗೆ ಮಾಡುವುದು, ಬೇಡದ ಅಂಚು ಕತ್ತರಿಸುವುದು, ಬೆಳಕನ್ನು ಸ್ವಲ್ಪ ಸರಿದೂಗಿಸುವುದು. ಬಣ್ಣ ಏರಿಸುವ ಗುಂಡಿಗೆ ಕೈ ಹಾಕಿದರೆ ಬೇವಿನ ತಿಳಿಹಸಿರು ಪ್ಲಾಸ್ಟಿಕ್ ಹಸಿರಾಗುತ್ತದೆ. ಗಿಡದ ಕೆಳಗೆ ನಿಂತಾಗ ಕಂಡದ್ದಕ್ಕೆ ಹತ್ತಿರ ಇದ್ದರೆ ಚಿತ್ರ ಸರಿಯಾಗಿದೆ.

ಇನ್ನು ಕೊನೆಯ ಕೆಲಸವನ್ನು ಬಹಳಷ್ಟು ಮಂದಿ ಮಾಡುವುದೇ ಇಲ್ಲ. ಪ್ರತಿ ಒಳ್ಳೆಯ ಫೋಟೋಗೆ ಗಿಡದ ಕನ್ನಡದ ಹೆಸರು, ಜಾಗ, ದಿನ ಬರೆದಿಡಿ. ಹೆಸರು ಗೊತ್ತಿಲ್ಲದಿದ್ದರೆ ಮನೆಯ ಹಿರಿಯರನ್ನು ಕೇಳಿ, ಭೀಮರಾಯನಗುಡಿಯ ಕೃಷಿ ಕಾಲೇಜಿನಲ್ಲಿ ಓದುವ ಹುಡುಗರನ್ನು ಕೇಳಿ. ಹೆಸರಿಲ್ಲದ ಫೋಟೋ ವಾಟ್ಸ್‌ಆ್ಯಪ್‌ನಲ್ಲಿ ಒಂದು ದಿನ ಓಡಾಡಿ ಮರೆತುಹೋಗುತ್ತದೆ. ಹೆಸರು, ತಾರೀಖು ಇರುವ ಫೋಟೋ ದಾಖಲೆಯಾಗುತ್ತದೆ. ಆರಿಸಿಕೊಂಡ ಮರದ ಎಲೆ, ಹೂವು, ಕಾಯಿಯನ್ನು ವಾರಕ್ಕೊಮ್ಮೆ ನೋಡಿ ದಾಖಲಿಸುವ ಸೀಸನ್‌ವಾಚ್ ಎಂಬ ನಾಗರಿಕ ವಿಜ್ಞಾನ ಯೋಜನೆ ನಮ್ಮ ದೇಶದಲ್ಲಿದೆ. ಶಾಲೆಯ ಮಕ್ಕಳೂ ಅದರಲ್ಲಿ ಸೇರಬಹುದು. ಹೂ ಬಿಡುವ ಕಾಲ ವರ್ಷದಿಂದ ವರ್ಷಕ್ಕೆ ಹೇಗೆ ಸರಿಯುತ್ತಿದೆ ಎಂದು ತಿಳಿಯುವುದು ಇಂಥ ದಾಖಲೆಗಳಿಂದಲೇ.

2010ರಲ್ಲಿ ಕಲಬುರಗಿಯಿಂದ ಬೇರೆಯಾಗಿ ಜಿಲ್ಲೆಯಾದ ಯಾದಗಿರಿ ಇನ್ನೂ ಬೆಳೆಯುತ್ತಿರುವ ಊರು. ರಸ್ತೆ ಅಗಲವಾಗುತ್ತದೆ, ಬಡಾವಣೆ ಏಳುತ್ತದೆ, ಹಳೆಯ ಗಿಡಗಳು ಹೋಗುತ್ತವೆ. ಯಾವ ಗಿಡದ ಚಿತ್ರ, ಹೆಸರು, ಹೂವಿನ ಕಾಲ ಜನರಿಗೆ ಗೊತ್ತಿದೆಯೋ ಆ ಗಿಡದ ಪರ ನಾಲ್ಕು ಮಂದಿ ನಿಲ್ಲುತ್ತಾರೆ. ಯಾರಿಗೂ ಗೊತ್ತಿಲ್ಲದ ಗಿಡ ಸದ್ದಿಲ್ಲದೆ ಕೊಡಲಿಗೆ ಹೋಗುತ್ತದೆ. ಆದ್ದರಿಂದ ಈ ಉಗಾದಿಗೆ ನಿಮ್ಮ ಓಣಿಯ ಒಂದು ಗಿಡ ಆರಿಸಿಕೊಳ್ಳಿ. ಕಾರಹುಣ್ಣಿಮೆಯವರೆಗೆ ಅದರ ಫೋಟೋ ತೆಗೆಯಿರಿ. ಅದರಲ್ಲಿ ಹತ್ತು ಆರಿಸಿ, ಹೆಸರು ಬರೆದು, ಅಚ್ಚು ಹಾಕಿಸಿ ಹತ್ತಿರದ ಸರ್ಕಾರಿ ಶಾಲೆಯ ಗೋಡೆಗೆ ಕೊಡಿ. ಒಂದು ಪ್ರತಿಯನ್ನು ನಗರಸಭೆಗೂ ಒಪ್ಪಿಸಿ, ಈ ಗಿಡ ಉಳಿಯಬೇಕು ಎಂದು ಕೇಳಿ.